ಗಿರಾಕಿಯ ಅಂಗಿ

ನನ್ನ ಹೊಲಿಗೆ ಅಂಗಡಿಯ ಎದುರಿಗೇ ಅವರ ಇಸ್ತ್ರಿ ಅಂಗಡಿ. ಮಧ್ಯೆ ಒಂದು ಕಿರಿದಾದ ರಸ್ತೆ, ಅಷ್ಟೇ. ಮಿಷನ್ ಮುಂದೆ ಕೂತು ತಲೆಯೆತ್ತಿದರೆ ಅಣ್ಣತಮ್ಮಂದಿರಿಬ್ಬರೂ ಕಾಣುತ್ತಿದ್ದರು, ಬೇಡವೆಂದರೂ ಕಾಣುತ್ತಿದ್ದರು. ಹಾಗಾಗಿ ನಾನು ಅವರ ಮನೆಯ ವಿಚಾರದಲ್ಲಿ ಮೂಗು ತೂರಿಸುತ್ತೇನೆ ಎಂದು ಬೀದಿಯವರು ಆಡಿಕೊಂಡರೆ ನನಗೇನೂ ಬೇಜಾರಿಲ್ಲ. ಮೂಗಿನ ಮುಂದೆಯೇ ಅಂಗಡಿ ಇಟ್ಟುಕೊಂಡವರು ಅವರು, ನಾನಲ್ಲ.

ಅಣ್ಣನನ್ನು ಎಲ್ಲರೂ ಇಸ್ತ್ರಿಯಣ್ಣ ಎನ್ನುತ್ತಿದ್ದರು. ಕುಳ್ಳ, ದಪ್ಪ, ಬಾಗಿಲಿನಷ್ಟು ಅಗಲದ ಭುಜ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಅವರಪ್ಪ ಕೆಲಸ ಹುಡುಕಲು ಹೋದವನು ದುಡ್ಡನ್ನೂ ಕಳಿಸಲಿಲ್ಲ, ತಾನೂ ಬರಲಿಲ್ಲ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಶಾಲೆಗೆ ಹೋಗುವ ಹುಡುಗ. ಅವನ ಮೂಗೊರೆಸುವುದರಿಂದ ಹಿಡಿದು ಪರೀಕ್ಷೆಯ ದಿನ ಎಬ್ಬಿಸುವವರೆಗೆ ಎಲ್ಲವನ್ನೂ ಈ ದಪ್ಪ ಆಳೇ ಮಾಡಿದ. ಮದುವೆ ಯಾವಾಗಪ್ಪ ಎಂದು ನಾನು ಕೆಣಕಿದಾಗಲೆಲ್ಲ ಅವನದು ಒಂದೇ ಉತ್ತರ, ಇವನೊಬ್ಬ ದಡ ಸೇರಲಿ ಎಂದು. ಹಾಗೆ ಹೇಳುವಾಗ ನಗುತ್ತಿರಲಿಲ್ಲ.

ತಮ್ಮನಿಗೆ ಬೀದಿ ಇಟ್ಟ ಹೆಸರು ಕಾಲರ್. ಸಣ್ಣಗೆ ಉದ್ದಕ್ಕೆ ಬೆಳೆದ ಹುಡುಗ, ಮೀಸೆ ಇನ್ನೂ ಬರಲೋ ಬೇಡವೋ ಎನ್ನುತ್ತಿತ್ತು. ಯಾವಾಗ ನೋಡಿದರೂ ಕಾಲರ್ ಎತ್ತಿಕೊಂಡು ಓಡಾಡುತ್ತಿದ್ದ. ಶಾಲೆ ಮುಗಿಸಿ ಕೆಲಸಕ್ಕೆಂದು ಕಾರ್ಖಾನೆಗಳ ಗೇಟು, ಅಂಗಡಿಗಳ ಬಾಗಿಲು ಎಲ್ಲ ಸುತ್ತಿದ. ಎಲ್ಲ ಕಡೆಯೂ ಮಾತು ಚೆನ್ನಾಗಿಯೇ ಶುರುವಾಗುತ್ತಿತ್ತು. ಮನೆ ಎಲ್ಲಿ ಎಂದು ಕೇಳಿ, ಇವನು ನಮ್ಮ ಬೀದಿಯ ಹೆಸರು ಹೇಳಿದ ಕೂಡಲೇ, ಹೇಳಿ ಕಳಿಸುತ್ತೇವೆ ಎನ್ನುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ಕೊನೆಗೆ ಅಣ್ಣನ ಪಕ್ಕದಲ್ಲೇ ಇನ್ನೊಂದು ಇಸ್ತ್ರಿಪೆಟ್ಟಿಗೆ ಹಿಡಿದು ನಿಂತ. ಕೆಲಸ ಅಚ್ಚುಕಟ್ಟು, ಮನಸ್ಸು ಮಾತ್ರ ಅಲ್ಲಿರಲಿಲ್ಲ.

ನಮ್ಮ ಬೀದಿಗೆ ಆ ಕೆಟ್ಟ ಹೆಸರು ಬಂದದ್ದು ಕೊನೆಯಲ್ಲಿದ್ದ ಗೋಡೌನಿನಿಂದ. ಅಲ್ಲಿ ಹಳೆಯ ಗಾಡಿಗಳನ್ನು ಬಿಚ್ಚಿ ಬಿಡಿಭಾಗ ಮಾರುತ್ತಿದ್ದರು. ಅವುಗಳಲ್ಲಿ ಅರ್ಧಕ್ಕರ್ಧ ಗಾಡಿಗಳನ್ನು ಅವುಗಳ ಮಾಲೀಕರು ಇನ್ನೂ ಹುಡುಕುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಗೋಡೌನಿನ ಯಜಮಾನನನ್ನು ಹುಡುಗರೆಲ್ಲ ಮಾವ ಎಂದು ಕರೆಯುತ್ತಿದ್ದರು. ಯಾರಿಗೂ ಮಗಳನ್ನು ಕೊಟ್ಟವನಲ್ಲ, ಆದರೂ ಊರಿಗೆಲ್ಲ ಮಾವ. ಕೆಲಸ ಸಿಗದ ಹುಡುಗರು ಒಬ್ಬೊಬ್ಬರಾಗಿ ಅವನ ಬಾಗಿಲಲ್ಲಿ ಟೀ ಕುಡಿಯಲು ಶುರು ಮಾಡುತ್ತಿದ್ದರು. ಆಮೇಲೆ ಅವರು ಬೇರೆ ಎಲ್ಲೂ ನೋಡಲು ಸಿಗುತ್ತಿರಲಿಲ್ಲ.

ಇನ್ನು ಇಸ್ತ್ರಿ ಕಸುಬಿನ ಒಂದು ಗುಟ್ಟು ಹೇಳಬೇಕು. ಆ ಕಸುಬಿನವರು ಯಾರೂ ಒಪ್ಪುವುದಿಲ್ಲ, ಒಪ್ಪಿದರೆ ಅಂಗಡಿ ಮುಚ್ಚಬೇಕಾಗುತ್ತದೆ. ಗಿರಾಕಿಗಳ ಬಟ್ಟೆ ಶನಿವಾರ ಬರುತ್ತದೆ, ಸೋಮವಾರ ಹೋಗುತ್ತದೆ. ಮಧ್ಯೆ ಒಂದು ಭಾನುವಾರ ಇರುತ್ತದೆ. ಮೈಗೆ ಸರಿಹೊಂದುವ ಒಳ್ಳೆಯ ಅಂಗಿ ಕಣ್ಣೆದುರಿಗೇ ತೂಗುತ್ತಿರುವಾಗ, ತನಗಿರುವ ಎರಡು ಅಂಗಿಯೂ ಮಾಸಿರುವಾಗ, ಹರೆಯದ ಹುಡುಗ ಎಷ್ಟು ಹೊತ್ತು ಸುಮ್ಮನಿರುತ್ತಾನೆ? ಒಂದು ಸಂಜೆ ಹಾಕಿಕೊಂಡು ತಿರುಗಾಡಿ ಬಂದು, ಒಗೆದು ಇಸ್ತ್ರಿ ಮಾಡಿ ಮಡಚಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಕಾಲರ್ ಹೀಗೆ ಮಾಡಿದ್ದನ್ನು ಕಂಡಾಗಲೆಲ್ಲ ಅಣ್ಣ ಬೈಯುತ್ತಿದ್ದ, ಗಿರಾಕಿಯ ಅಂಗಿ ಹಾಕಿಕೊಳ್ಳುವುದೂ ಅವರ ಜೇಬಿಗೆ ಕೈ ಹಾಕುವುದೂ ಒಂದೇ ಎಂದು. ನನಗಂತೂ ಗೊತ್ತಾಗಿಯೇ ಬಿಡುತ್ತಿತ್ತು, ಯಾಕೆಂದರೆ ಆ ಅಂಗಿಗಳಲ್ಲಿ ಬಹಳಷ್ಟನ್ನು ಹೊಲಿದವಳು ನಾನೇ. ಇವತ್ತು ಯಾರಪ್ಪ ನೀನು, ಮೇಷ್ಟ್ರೋ ಕಂಡಕ್ಟರೋ ಎಂದು ರೇಗಿಸಿದರೆ ನಾಚಿಕೊಂಡು ಓಡುತ್ತಿದ್ದ.

ಅವನಿಗೆ ಅತಿ ಇಷ್ಟವಾದ ಅಂಗಿ ಡಿಪೋ ಹುಡುಗನದು. ಈ ಡಿಪೋ ಹುಡುಗ ಕಾಲರ್‌ನ ಜೊತೆಗೇ ಓದಿದವನು, ಅವನಷ್ಟೇ ಎತ್ತರ, ಅವನಷ್ಟೇ ಸಣ್ಣ. ಆಸ್ಪತ್ರೆಯಲ್ಲಿ ನೆಲ ಒರೆಸುವ ಅವನ ತಾಯಿ ಯಾರ್ಯಾರ ಕಾಲು ಹಿಡಿದಳೋ, ಅವನಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್‌ಗಳ ಕೈಕೆಳಗೆ ಕೆಲಸ ಸಿಕ್ಕಿತ್ತು. ಮೊದಲ ದಿನಕ್ಕೆಂದು ಆ ತಾಯಿ ಒಂದು ತಿಳಿನೀಲಿ ತುಂಡು ಬಟ್ಟೆ ತಂದುಕೊಟ್ಟಳು. ಅಳತೆಗೆ ಬಟ್ಟೆ ಸಾಲಲಿಲ್ಲ. ವಾಪಸ್ ಕೊಟ್ಟು ಆಕೆಯ ಮುಖ ಚಿಕ್ಕದು ಮಾಡಲು ಮನಸ್ಸಾಗದೆ, ಬೆನ್ನಿನ ಮೇಲ್ಭಾಗಕ್ಕೆ ಕಡುನೀಲಿಯ ಅಗಲ ಪಟ್ಟಿ ಕೊಟ್ಟು, ಎರಡು ಸಾಲು ಬಿಳಿ ನೂಲಿನ ಹೊಲಿಗೆ ಹಾಕಿದೆ. ಬೇಕೆಂದೇ ಮಾಡಿದ ಹಾಗೆ ಬಂತು. ಅಂಥ ಅಂಗಿ ಊರಲ್ಲಿ ಅದೊಂದೇ ಇತ್ತು.

ಆ ಭಾನುವಾರ ಕಾಲರ್ ಅದನ್ನೇ ಹಾಕಿಕೊಂಡು ಹೋದ. ನಾನು ಬಟನ್ ಹೊಲಿಯುತ್ತ ಕೂತಿದ್ದೆ, ಅವನು ಹೋದದ್ದನ್ನು ನೋಡಿದೆ. ಬಹಳ ಹೊತ್ತಾಗುವ ಮೊದಲೇ ಓಡುತ್ತ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಕಡೆ ನೋಡದೆ ಒಳಗೆ ಹೋದವನು, ಅಂಗಿ ಬಿಚ್ಚಿ ಬಕೆಟ್ಟಿಗೆ ಹಾಕಿದ. ಅಣ್ಣ ಗದರಿದ್ದು ರಸ್ತೆಯ ಈ ಕಡೆಗೂ ಕೇಳಿಸಿತು. ಗದರಿದ್ದು ಅಂಗಿ ಹಾಕಿಕೊಂಡದ್ದಕ್ಕೆ. ಬೇರೆ ಏನು ನಡೆದಿದೆ ಎಂದು ಪಾಪ ಅವನಿಗೆ ಇನ್ನೂ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ಮುಖ್ಯರಸ್ತೆಯಲ್ಲಿ ಬಿಡಿಭಾಗ ಮಾರುವ ಇನ್ನೊಬ್ಬ ಅಂಗಡಿಯವನು, ಗೋಡೌನಿಗೆ ಕದ್ದ ಗಾಡಿಗಳು ಬರುತ್ತಿವೆ ಎಂದು ಪೊಲೀಸರಿಗೆ ಹೇಳಿದ್ದ. ಮಾವನ ಹುಡುಗರು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಅವನ ಅಂಗಡಿಗೆ ನುಗ್ಗಿದರು. ಗೋಡೌನಿನ ಬಾಗಿಲಲ್ಲಿ ಟೀ ಕುಡಿಯಲು ಆಗಷ್ಟೇ ಶುರು ಮಾಡಿದ್ದ ಕಾಲರ್‌ಗೆ ಅವರು ಹೇಳಿದ್ದು, ಸುಮ್ಮನೆ ಮಾತಾಡೋದಿದೆ, ನಾವು ಒಳಗೆ ಹೋದ ಮೇಲೆ ಹೊರಗಿನಿಂದ ಶಟರ್ ಎಳೆ ಎಂದು. ಅವನು ಎಳೆದ. ಒಳಗಿನಿಂದ ಬಂದ ಕೂಗು ಕೇಳಿ ಕಾಲಿಗೆ ಬುದ್ಧಿ ಹೇಳಿದ. ಅಂಗಡಿಯವನ ತಲೆ ಒಡೆದು, ದವಡೆ ಮುರಿದಿತ್ತು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಎದುರಿನ ಕಟ್ಟಡದ ಕ್ಯಾಮೆರಾದಲ್ಲಿ ಶಟರ್ ಎಳೆದವನ ಬೆನ್ನು ಮಾತ್ರ ಬಿದ್ದಿತ್ತು. ತಿಳಿನೀಲಿ ಅಂಗಿ, ಕಡುನೀಲಿ ಪಟ್ಟಿ.

ಮಂಗಳವಾರ ಪೊಲೀಸಿನವನೊಬ್ಬ ಆ ಚಿತ್ರ ಹಿಡಿದುಕೊಂಡು ಹೊಲಿಗೆ ಅಂಗಡಿಗಳನ್ನೆಲ್ಲ ಸುತ್ತುತ್ತ ನನ್ನಲ್ಲಿಗೂ ಬಂದ. ಯಾಕೆ ಏನು ಎಂದು ಹೇಳಲಿಲ್ಲ. ನನ್ನ ಕೈಕೆಲಸ ನನಗೆ ತಿಳಿಯದೆ ಇರುತ್ತದೆಯೇ? ನಾನೇ ಹೊಲಿದದ್ದು, ಡಿಪೋ ಹುಡುಗನಿಗೆ ಎಂದೆ. ಹೊಲಿಗೆ ಚೆನ್ನಾಗಿ ಬಂದಿದೆಯಲ್ಲವೇ ಎಂದೂ ಕೇಳಿದೆ. ಊಟದ ಹೊತ್ತಿಗೆ ಡಿಪೋ ಹುಡುಗನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು ಎಂಬ ಸುದ್ದಿ ಬಂತು. ಎದುರಿಗೆ ನೋಡಿದೆ. ಇಸ್ತ್ರಿಯಣ್ಣ ತಮ್ಮನನ್ನು ನೋಡುತ್ತಿದ್ದ, ತಮ್ಮ ನೆಲ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಡಿಪೋ ಹುಡುಗನ ತಾಯಿ ಬಂದಳು, ಆಸ್ಪತ್ರೆಯ ಕೆಲಸದ ಬಟ್ಟೆಯಲ್ಲೇ. ಮಗ ಭಾನುವಾರ ಮನೆಯಲ್ಲಿ ಒಬ್ಬನೇ ಮಲಗಿದ್ದನಂತೆ, ನೋಡಿದವರು ಯಾರೂ ಇಲ್ಲ. ಆಕೆ ಏನು ಹೇಳಿದರೂ ಪೊಲೀಸರು, ಎಲ್ಲ ತಾಯಂದಿರೂ ಹೀಗೇ ಹೇಳೋದು ಎಂದು ಕಳಿಸಿಬಿಟ್ಟಿದ್ದರು. ಆಕೆಗೆ ಉಳಿದದ್ದು ಒಂದೇ ದಾರಿ.

“ಅಂಗಿ ಭಾನುವಾರ ನಿಮ್ಮ ಹತ್ರಾನೇ ಇತ್ತಲ್ಲಪ್ಪ. ಸೋಮವಾರ ತಾನೇ ನಾನು ಬಂದು ತಗೊಂಡು ಹೋಗಿದ್ದು. ಬಂದು ಅಷ್ಟು ಹೇಳು ಸಾಕು.”

ಇಸ್ತ್ರಿಯಣ್ಣ ತಲೆಯೆತ್ತಲಿಲ್ಲ. ಒಂದೇ ತೋಳಿನ ಮೇಲೆ ಮತ್ತೆ ಮತ್ತೆ ಇಸ್ತ್ರಿ ಎಳೆಯುತ್ತಿದ್ದ. ಶನಿವಾರವೇ ಕೊಟ್ಟುಬಿಟ್ಟಿದ್ದೆವು, ನಿಮಗೆ ನೆನಪಿಲ್ಲ ಎಂದ. ಆಕೆ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, ಬಂದ ದಾರಿಯಲ್ಲೇ ಹೋದಳು. ಅವನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಕತ್ತರಿ ಕೆಳಗಿಟ್ಟು ಎದ್ದೆ. ಆದರೆ ರಸ್ತೆ ದಾಟಲಿಲ್ಲ, ಆ ಅಂಗಿ ಯಾರ ಮೈಮೇಲಿತ್ತೆಂದು ಕಣ್ಣಾರೆ ಕಂಡ ನಾನೂ ಬಾಯಿ ಬಿಟ್ಟಿರಲಿಲ್ಲವಲ್ಲ.

ಆಮೇಲಿನ ದಿನಗಳಲ್ಲಿ ಜೀಪಿನ ಸದ್ದಾದರೆ ಸಾಕು, ಇಬ್ಬರೂ ಕೆಲಸ ನಿಲ್ಲಿಸುತ್ತಿದ್ದರು. ಜೀಪು ಮುಂದೆ ಹೋದ ಮೇಲೆ ಮತ್ತೆ ಇಸ್ತ್ರಿ ಆಡುತ್ತಿತ್ತು. ನನ್ನ ಕಥೆಯೂ ಅದೇ, ಎಷ್ಟು ಸಲ ಸೂಜಿ ಬೆರಳಿಗೆ ಚುಚ್ಚಿಕೊಂಡೆನೋ. ಡಿಪೋ ಹುಡುಗನಿಗೆ ಒಳಗೆ ಹೊಡೆಯುತ್ತಿದ್ದಾರೆ, ಬಲಗೈ ಬೆರಳು ಊದಿಕೊಂಡಿವೆ, ಡಿಪೋದಲ್ಲಿ ಅವನ ಜಾಗಕ್ಕೆ ಬೇರೆಯವನನ್ನು ನೋಡುತ್ತಿದ್ದಾರೆ ಎಂಬ ಮಾತುಗಳು ಒಂದರ ಹಿಂದೆ ಒಂದು ಬಂದವು. ಅವನು ಯಾರ ಹೆಸರನ್ನೂ ಹೇಳಿರಲಿಲ್ಲ. ಗೊತ್ತಿದ್ದರೆ ತಾನೇ ಹೇಳುವುದು.

ಅಷ್ಟರಲ್ಲಿ ಮಾವ ಕಾಲರ್‌ಗೆ ಒಂದು ಹೊಸ ಅಂಗಿ ಕಳಿಸಿದ. ರೆಡಿಮೇಡ್, ಕಪ್ಪು, ಮಿಂಚುವ ಬಟನ್ನಿನದು. ಇನ್ನು ಮೇಲೆ ಕಂಡವರ ಅಂಗಿ ಹಾಕಿಕೊಳ್ಳುವ ಗತಿ ನಮ್ಮ ಹುಡುಗನಿಗಿಲ್ಲ ಎಂದು ಹೇಳಿಕಳಿಸಿದ್ದನಂತೆ. ಆಗಲೇ ‘ನಮ್ಮ ಹುಡುಗ’ ಆಗಿಬಿಟ್ಟಿದ್ದ. ಕಾಲರ್ ಅದನ್ನು ಹಾಕಿಕೊಂಡೇ ನನ್ನಲ್ಲಿಗೆ ಬಂದ, ಸೊಂಟದ ಹತ್ತಿರ ಸಡಿಲ, ಹಿಡಿದು ಕೊಡಿ ಎಂದ. ಆ ಬಟ್ಟೆಗೆ ನನ್ನ ಸೂಜಿ ತಾಗುವುದಿಲ್ಲ ಎಂದೆ. ಅವನು ಹೋಗಲಿಲ್ಲ. ಕಟಿಂಗ್ ಮೇಜಿನ ಮೇಲಿದ್ದ ಚೂರುಬಟ್ಟೆಗಳನ್ನು ಆರಿಸಿ ಜೋಡಿಸುತ್ತ ನಿಂತ. ಆಮೇಲೆ ಮೆಲ್ಲಗೆ ಕೇಳಿದ.

“ಅಕ್ಕ, ಅವನಿಗೆ ನಿಜವಾಗ್ಲೂ ಹೊಡೀತಿದಾರಾ?”

“ನಿನ್ನ ಕ್ಲಾಸಿನವನು ತಾನೇ. ಹೋಗಿ ನೋಡ್ಕೊಂಡು ಬಾ.”

“ಹೇಳಿದ್ರೆ ಅಣ್ಣನ್ನ ಬಿಡಲ್ಲ ಅಂದಿದಾರೆ, ಗೋಡೌನಿನವರು.”

ಅಲ್ಲಿಯವರೆಗೆ ಅವನನ್ನು ಬರೀ ಪುಕ್ಕಲ ಎಂದುಕೊಂಡಿದ್ದೆ. ಅವನ ಹೆದರಿಕೆಯಲ್ಲಿ ಅರ್ಧ ಅಣ್ಣನಿಗಾಗಿ ಎಂದು ಆಗ ತಿಳಿಯಿತು. ಅವನು ಆ ಸಡಿಲ ಅಂಗಿಯಲ್ಲೇ ಹೊರಟುಹೋದ.

ಅದೇ ದಿನ ಮಧ್ಯಾಹ್ನ, ಬೀದಿ ಖಾಲಿಯಾಗಿದ್ದ ಹೊತ್ತು ನೋಡಿಕೊಂಡು ಇಸ್ತ್ರಿಯಣ್ಣನೂ ಬಂದು ಸ್ಟೂಲಿನ ಮೇಲೆ ಕೂತ. ಸ್ಟೂಲು ಕಿರ್ರೆಂದಿತು. ಮುರಿದರೆ ನೀನೇ ಹೊಸದು ತರಬೇಕು ಎಂದು ನಗಿಸಲು ನೋಡಿದೆ. ಅವನ ಕಿವಿಗೆ ಬೀಳಲೇ ಇಲ್ಲ. ಎರಡು ಅಂಗೈಯನ್ನೂ ಮಂಡಿಯ ಮೇಲೆ ಉಜ್ಜುತ್ತ, ತಾನು ಆ ತಾಯಿಗೆ ಸುಳ್ಳು ಹೇಳಿದ ಮೇಲೆ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ ಎಂದ. ನಿಜ ಹೇಳಿದರೆ ತಮ್ಮ ಹೋಗುತ್ತಾನೆ. ಗಿರಾಕಿಗಳ ಬಟ್ಟೆ ಹಾಕಿಕೊಳ್ಳುವವರು ಎಂದು ಗೊತ್ತಾದ ಮೇಲೆ ಅಂಗಡಿಯೂ ಹೋಗುತ್ತದೆ. ಅಂಗಡಿ ಹಾಳಾಗಲಿ ಬಿಡಿ ಎಂದ.

“ಹೇಳಿದ್ರೆ ಜೈಲು. ಹೇಳ್ದೆ ಇದ್ರೆ ಗೋಡೌನು. ನೀವೇ ಹೇಳಿ ಅಕ್ಕ, ಎಲ್ಲಿಂದ ವಾಪಸ್ ಬರ್ತಾನೆ?”

“ಜೈಲಿಂದ ಬಂದವರನ್ನ ನೋಡಿದೀನಿ. ಗೋಡೌನಿಂದ ವಾಪಸ್ ಬಂದವನನ್ನ ನಾನಂತೂ ನೋಡಿಲ್ಲಪ್ಪ.”

ಅವನು ಮಂಡಿ ಉಜ್ಜುವುದನ್ನು ನಿಲ್ಲಿಸಿದ. ಆಮೇಲೆ ಎದ್ದು, ನಾಳೆ ಬೆಳಿಗ್ಗೆ ನನ್ನ ಜೊತೆ ಸ್ಟೇಷನ್ನಿಗೆ ಬರುತ್ತೀರಾ, ಹೊಲಿದವರು ಪಕ್ಕದಲ್ಲಿದ್ದರೆ ಅಂಗಿಯ ವಿಚಾರ ನಂಬುತ್ತಾರೆ ಎಂದ. ತಮ್ಮನಿಗೆ ಏನೂ ಹೇಳಬೇಡಿ ಎಂದೂ ಬೇಡಿಕೊಂಡ. ಕೊನೆಗೂ ನಿಜ ಹೇಳಲು ಮನಸ್ಸು ಗಟ್ಟಿಮಾಡಿದ ಎಂದುಕೊಂಡೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಾಲರ್ ಇಷ್ಟುದ್ದ ಇದ್ದಾಗಿನಿಂದ ನೋಡಿದವಳು ನಾನು.

ಬೆಳಿಗ್ಗೆ ಇಸ್ತ್ರಿ ಅಂಗಡಿಯ ಬಾಗಿಲು ತೆರೆಯಲಿಲ್ಲ. ಇಸ್ತ್ರಿಯಣ್ಣ ತನ್ನ ಒಳ್ಳೆಯ ಬಿಳಿ ಅಂಗಿ ಹಾಕಿಕೊಂಡು ಬಂದ. ಸ್ಟೇಷನ್ನಿನ ಮೆಟ್ಟಿಲ ಮೇಲೆ ಡಿಪೋ ಹುಡುಗನ ತಾಯಿ ಕೂತಿದ್ದಳು. ನಮ್ಮನ್ನು ನೋಡಿ ಮುಖ ತಿರುಗಿಸಿದಳು.

ಇನ್ಸ್‌ಪೆಕ್ಟರ್ ವಯಸ್ಸಾದವನು, ಬೆಳಿಗ್ಗೆಯೇ ಸುಸ್ತಾದವನಂತೆ ಕಾಣುತ್ತಿದ್ದ. ಇಸ್ತ್ರಿಯಣ್ಣ ಕೈಕಟ್ಟಿ ನಿಂತು ಹೇಳತೊಡಗಿದ. ಅಂಗಿ ಭಾನುವಾರ ನಮ್ಮ ಅಂಗಡಿಯಲ್ಲೇ ಇತ್ತು ಸಾರ್, ಆ ಹುಡುಗನಿಗೂ ಇದಕ್ಕೂ ಸಂಬಂಧವಿಲ್ಲ ಎಂದ. ಸರಿ ಎಂದುಕೊಂಡೆ. ಆಮೇಲೆ, ಅದನ್ನು ಹಾಕಿಕೊಂಡು ಹೋಗಿ ಶಟರ್ ಎಳೆದದ್ದು ನಾನೇ ಎಂದುಬಿಟ್ಟ.

ಇನ್ಸ್‌ಪೆಕ್ಟರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಪಾಟಿನಿಂದ ಆ ಅಂಗಿ ತರಿಸಿ ಮೇಜಿನ ಮೇಲೆ ಹಾಕಿ, ಹಾಕಿಕೊಂಡು ತೋರಿಸು ಎಂದ. ಇಸ್ತ್ರಿಯಣ್ಣ ತನ್ನ ಬಿಳಿ ಅಂಗಿ ಬಿಚ್ಚಿ ಕುರ್ಚಿಯ ಮೇಲಿಟ್ಟು, ಆ ತಿಳಿನೀಲಿ ತೋಳಿನೊಳಗೆ ಕೈ ತೂರಿಸಿದ. ಮೊಣಕೈ ದಾಟಿ ಮೇಲಕ್ಕೆ ಹೋಗಲಿಲ್ಲ. ಎಳೆದ, ಉಸಿರು ಬಿಗಿಹಿಡಿದು ಮತ್ತೆ ಎಳೆದ. ಮೂಲೆಯಲ್ಲಿ ಕೂತಿದ್ದ ಪೇದೆ ನಕ್ಕ. ಅಂಗಿ ಅರ್ಧ ಮೈಗೇರಿಸಿಕೊಂಡು ಒದ್ದಾಡುತ್ತಿದ್ದ ಆ ದೊಡ್ಡ ಆಳನ್ನು ನೋಡಿ ನನಗೆ ಅಳು ಬಂತು.

ಇನ್ಸ್‌ಪೆಕ್ಟರ್ ನಗಲಿಲ್ಲ. ಹೊಲಿದವರು ನೀವಲ್ಲವೇ, ಇದು ಇವನಿಗೆ ಆಗುತ್ತದೆಯೇ ಎಂದು ನನ್ನನ್ನು ಕೇಳಿದ. ಇಸ್ತ್ರಿಯಣ್ಣ ನನ್ನನ್ನೇ ನೋಡುತ್ತಿದ್ದ. ಒಗೆದು ಕುಗ್ಗಿದೆ ಎನ್ನಿ, ಏನಾದರೂ ಹೇಳಿ ಎನ್ನುವಂತಿತ್ತು ಆ ನೋಟ. ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಅಷ್ಟಕ್ಕೇ ಇನ್ಸ್‌ಪೆಕ್ಟರ್‌ಗೆ ಉತ್ತರ ಸಿಕ್ಕಿತ್ತು. ಅಂಗಡಿಯಲ್ಲಿ ನಿನ್ನ ತಮ್ಮನೂ ಇದ್ದಾನಲ್ಲ ಎಂದು ಇಸ್ತ್ರಿಯಣ್ಣನ ಕಡೆ ತಿರುಗಿದ. ಅವನು ಆ ದಿನ ಊರಲ್ಲೇ ಇರಲಿಲ್ಲ ಸಾರ್ ಎಂದ ಇಸ್ತ್ರಿಯಣ್ಣ, ಹೇಳಬೇಕೆಂದುಕೊಂಡದ್ದಕ್ಕಿಂತ ಜೋರಾಗಿ.

“ಇದ್ದೆ ಸಾರ್. ನಾನೇ ಹಾಕ್ಕೊಂಡಿದ್ದು.”

ಬಾಗಿಲಲ್ಲಿ ಕಾಲರ್ ನಿಂತಿದ್ದ. ಎರಡೂ ಅಂಗಡಿ ಮುಚ್ಚಿದ್ದನ್ನು ನೋಡಿ ಅನುಮಾನ ಬಂದು ಹುಡುಕಿಕೊಂಡು ಬಂದಿದ್ದನಂತೆ, ಅಣ್ಣ ಹೇಳಿದ್ದನ್ನೆಲ್ಲ ಹೊರಗಿನಿಂದಲೇ ಕೇಳಿಸಿಕೊಂಡಿದ್ದ. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ. ಸುಮ್ಮನಿರು, ಹೋಗು ಇಲ್ಲಿಂದ ಎಂದು ಅಣ್ಣ ಕಿರುಚಿದ. ಅವನು ಹೋಗಲಿಲ್ಲ. ಮೇಜಿನ ಹತ್ತಿರ ಬಂದು ಮಾವನ ಕಪ್ಪು ಅಂಗಿ ಬಿಚ್ಚಿ ಬೆಂಚಿನ ಮೇಲೆ ಹಾಕಿದ. ಅಣ್ಣನ ತೋಳಿನಲ್ಲಿ ಸಿಕ್ಕಿಕೊಂಡಿದ್ದ ಅಂಗಿಯನ್ನು ತಾನೇ ಬಿಡಿಸಿ ಹಾಕಿಕೊಂಡು, ಹೇಳಿಸಿಕೊಳ್ಳದೆಯೇ ಬೆನ್ನು ತಿರುಗಿಸಿ ನಿಂತ. ಭುಜದಿಂದ ಭುಜಕ್ಕೆ ಪಟ್ಟಿ ನೆಟ್ಟಗೆ ಕೂತಿತ್ತು. ನಾನೇ ಅಳತೆ ತೆಗೆದು ಹೊಲಿದರೂ ಅಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ.

ಅವನು ಎಲ್ಲವನ್ನೂ ಹೇಳಿದ. ಯಾರು ಕರೆದರು, ಯಾರು ಯಾರು ಒಳಗೆ ಹೋದರು, ಮಾವ ಏನು ಹೇಳಿ ಕಳಿಸಿದ್ದ, ಒಂದನ್ನೂ ಬಿಡಲಿಲ್ಲ. ಶಟರ್ ಎಳೆದಾಗ ಒಳಗಿದ್ದವನು ತನ್ನ ಮುಖ ನೋಡಿ ಬೇಡ ಎಂದನೆಂದೂ, ಆದರೂ ತಾನು ಎಳೆದೆನೆಂದೂ ಹೇಳಿದ. ಅದನ್ನು ಹೇಳು ಎಂದು ಯಾರೂ ಕೇಳಿರಲಿಲ್ಲ. ಅಣ್ಣ ಗೋಡೆಗೊರಗಿ ಕೂತುಬಿಟ್ಟ. ಹೇಳಿ ಮುಗಿಸಿದ ಮೇಲೆ ಹುಡುಗ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ನೀನು ನನ್ನನ್ನ ಹಿಡಿದುಕೊಡಲಿಲ್ಲ ಅಣ್ಣ, ನಾನೇ ಬಂದೆ, ಅದನ್ನ ಮರೀಬೇಡ ಎಂದ.

ಸ್ವಲ್ಪ ಹೊತ್ತಿಗೆ ಡಿಪೋ ಹುಡುಗನನ್ನು ಹೊರಗೆ ಬಿಟ್ಟರು. ಬಲಗೈಯನ್ನು ಎದೆಗೊತ್ತಿಕೊಂಡು ನಡೆದು ಬಂದ. ತನ್ನ ಅಂಗಿ ಹಾಕಿಕೊಂಡು ನಿಂತವನನ್ನು ಕಂಡು ಒಂದು ಗಳಿಗೆ ನಿಂತ. ತಾಯಿ ಬಂದು ಅವನ ಭುಜ ಹಿಡಿದು ಕರೆದುಕೊಂಡು ಹೋದಳು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನೋಡುತ್ತಿರಲಿಲ್ಲ.

ಅಂಗಿ ಸಾಕ್ಷಿಗೆ ಬೇಕು, ಬಿಚ್ಚಿ ಕೊಡು ಎಂದರು. ಹುಡುಗ ಬಿಚ್ಚಿ ಕೊಟ್ಟು ಬರಿಮೈಯಲ್ಲಿ ನಿಂತ. ಪಕ್ಕೆಲುಬು ಕಾಣುತ್ತಿದ್ದವು. ಬೆಂಚಿನ ಮೇಲಿದ್ದ ಕಪ್ಪು ಅಂಗಿ ತೋರಿಸಿ, ಅದನ್ನು ಹಾಕಿಕೋ, ಒಳಗೆ ನಡೆ ಎಂದ ಪೇದೆ. ಹುಡುಗ ಅದನ್ನು ಮುಟ್ಟಲಿಲ್ಲ. ಪೇದೆ ದನಿ ಏರಿಸಿದ. ಆಗ ಇಸ್ತ್ರಿಯಣ್ಣ ಎದ್ದ. ಕುರ್ಚಿಯ ಮೇಲಿದ್ದ ತನ್ನ ಬಿಳಿ ಅಂಗಿ ತಂದು ತಮ್ಮನಿಗೆ ತೊಡಿಸಿದ. ಒಂದೊಂದೇ ಬಟನ್ ತಾನೇ ಹಾಕಿದ, ತೋಳುಗಳನ್ನು ಎರಡೆರಡು ಮಡಿಕೆ ಮಡಚಿದ. ಅಂಗಿ ಅವನ ಮೈಮೇಲೆ ಜೋಲಾಡುತ್ತಿತ್ತು, ಅವನಂಥವರು ಇಬ್ಬರು ಹಿಡಿಸುವಷ್ಟು ದೊಡ್ಡದು. ಅದರಲ್ಲೇ ಅವನನ್ನು ಒಳಗೆ ಕರೆದುಕೊಂಡು ಹೋದರು.

ನಾವು ಬೀದಿಗೆ ವಾಪಸಾಗುವಾಗ ಬಿಸಿಲು ಏರಿತ್ತು. ಇಸ್ತ್ರಿಯಣ್ಣ ಬನಿಯನ್ನಿನಲ್ಲೇ ನಡೆಯುತ್ತಿದ್ದ. ನನ್ನ ಶಾಲು ಕೊಡಲು ಹೋದರೆ ಬೇಡ ಎಂದ. ಇನ್ನು ಇವನ ಗತಿ ಏನು, ಸುದ್ದಿ ಗೋಡೌನಿಗೆ ಮುಟ್ಟುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ನನ್ನ ಜೀವ ಕೈಯಲ್ಲಿತ್ತು. ತಿರುವಿನಲ್ಲಿ ಮಾವನ ಹುಡುಗರು ಎಂದಿನಂತೆ ಟೀ ಹಿಡಿದು ನಿಂತಿದ್ದರು. ನಾನು ಬೇರೆ ದಾರಿಯಲ್ಲಿ ಹೋಗೋಣ ಎಂದು ಅವನ ಕೈ ಎಳೆದೆ. ಅವನು ನೇರವಾಗಿಯೇ ನಡೆದ. ಅವರಲ್ಲೊಬ್ಬ ಹಲ್ಲು ಕಿರಿದು, ಏನು ಇಸ್ತ್ರಿಯಣ್ಣ, ಅಂಗಿ ಎಲ್ಲಿ ಎಂದು ಕೇಳಿದ.

“ನನ್ನ ತಮ್ಮ ಹಾಕ್ಕೊಂಡಿದಾನೆ” ಎಂದ ಅವನು. ನಿಲ್ಲಲಿಲ್ಲ, ನಡೆಯುತ್ತಲೇ ಇದ್ದ. ನಾನು ಅವನ ಹಿಂದೆಯೇ ನಡೆದೆ.